ಭಾವನ ಮೇಲೆ ಕೇಸು

ಆಸ್ಪತ್ರೆಯಲ್ಲಿ ಎಕ್ಸ್‌ರೇಗೆಂದು ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಕೆರೆ ಕಾವಲಿನ ಪೊಲೀಸನೊಬ್ಬನೂ ಒದ್ದೆ ಬಟ್ಟೆಯಲ್ಲೇ ಇದ್ದ ಮೋಟಾರ್ ಬೋಟಿನ ಚಾಲಕನೂ ಕೂತಿದ್ದರು.

"ಭಾವ, ಟೀ ಕುಡೀರಿ. ನಡುಗ್ತಿದ್ದೀರ."

"ಕೇಸು ಹಾಕಿದ ಕೈಯಿಂದ ಟೀ ಬೇರೆ ಕೊಡ್ತೀಯಾ?"

"ಕೇಸು ಹಾಕಿದ್ದು ಪೊಲೀಸು. ಟೀ ತಂದಿದ್ದು ನಿಮ್ಮ ಭಾಮೈದ."

ಭಾವ ಲೋಟ ತೆಗೆದುಕೊಂಡ, ಕುಡಿಯಲಿಲ್ಲ.

"ಭಾನುವಾರದ ಜನ ಕಣೋ. ಜೋರಾಗಿ ಬಿಡು, ಜೋರಾಗಿ ಬಿಡು ಅಂತ ಕೂಗ್ತಿದ್ರು. ನನಗೂ ಹುಮ್ಮಸ್ಸು ಬಂತು."

"ದಡದ ಹತ್ರ ನಿಧಾನಕ್ಕೆ ಹೋಗ್ಬೇಕು ಅಂತ ಬೋರ್ಡೇ ಇದೆಯಲ್ಲ."

"ಆ ಅಜ್ಜನ ದೋಣಿಗೆ ನಾನು ತಾಗಿಸ್ಲೇ ಇಲ್ಲ."

"ನೀವು ತಾಗಿಸ್ಲಿಲ್ಲ. ನಿಮ್ಮ ಬೋಟು ಎಬ್ಬಿಸಿದ ಅಲೆ ದೋಣೀನ ಮಗುಚಿಹಾಕ್ತು. ಲೈಫ್ ಜಾಕೆಟ್ ಹಾಕಿದ್ದಕ್ಕೆ ಅಜ್ಜ ಬದುಕಿದ್ರು."

"ನೀರಿಗೆ ಹಾರಿ ಎತ್ಕೊಂಡು ಬಂದವನು ನಾನೇ. ಅದನ್ನ ಬರೆದ್ಯಾ?"

"ಅದನ್ನೂ ಬರೆದೆ, ಸ್ಪೀಡನ್ನೂ ಬರೆದೆ."

ಭಾವ ಲೋಟವನ್ನು ಬೆಂಚಿನ ಮೇಲಿಟ್ಟ.

"ನಿಮ್ಮಕ್ಕನಿಗೆ ಹೇಳಿದ್ಯಾ?"

"ಹೇಳಿದೆ. ಮೊದಲು, ನಿಮಗೇನಾದ್ರೂ ಆಯ್ತಾ ಅಂತ ಕೇಳಿ ಅತ್ಲು. ಆಮೇಲೆ, ಭಾವ ಅಂತ ಬಿಟ್ಬಿಟ್ರೆ ನನ್ನ ಮನೆ ಮೆಟ್ಟಿಲು ಹತ್ಬೇಡ ಅಂದ್ಲು."

"ಅವಳೇ ಹಾಗಂದ್ಲಾ?" ಅವನು ನಗಲು ಹೋದ, ಕಣ್ಣು ತುಂಬಿಕೊಂಡಿತು.

ನರ್ಸ್ ಬಾಗಿಲಿಂದ ಇಣುಕಿದಳು. "ಅಜ್ಜ ಎದ್ದು ಕೂತಿದ್ದಾರೆ. ಬೋಟ್ ಓಡಿಸಿದವರನ್ನ ಕರೀತಿದ್ದಾರೆ."

ಭಾವ ಎದ್ದ, ಮತ್ತೆ ಕೂತ. "ಏನಂತ ಮುಖ ತೋರಿಸ್ಲೋ?"

"ತಪ್ಪಾಯ್ತು ಅನ್ನಿ. ಬೈದ್ರೆ ಬೈಸ್ಕೊಳ್ಳಿ."

"ನೀನೂ ಬಾ."

ಪೊಲೀಸ್ ತನ್ನ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಭಾವನ ತೋಳು ಹಿಡಿದು ಎಬ್ಬಿಸಿ, ಜೊತೆಗೇ ಒಳಗೆ ಹೋದ.