ಶಾಂತಿಗಾಗಿ ಕಟ್ಟಿಹಾಕಿದ ದೋಣಿ

"ಏ ಅಂಬಿಗ, ಹುಟ್ಟು ಹಿಡಿಯೋ ಕೈಯಾಗ ಮೈಕು ಹಿಡದ್ರ ಮಂತ್ರಿ ಆಗ್ತೀ ಏನು? ನಿನ್ನ ಮೈಯಾಗಿನ ಮೀನಿನ ನಾತ ಇಲ್ಲಿ ಮಟಾ ಬರಾಕತ್ತೈತಿ. ಮೊದಲ ಹೋಗಿ ಜಳಕಾ ಮಾಡು. ಆಮ್ಯಾಲ ದೇಶದ ಮಾತಾಡುವಂತಿ."

ಹೀಗೆ ಅಂದವನು ಒಬ್ಬ ಶ್ರೀಮಂತ. ಅನ್ನಿಸಿಕೊಂಡವನು ಒಬ್ಬ ಅಂಬಿಗ. ಅಂದ ಜಾಗ ಯಾವುದು? ಎರಡು ದೇಶಗಳ ಶಾಂತಿ ಮಾತುಕತೆಗೆಂದು ಹಾಕಿದ ಚಪ್ಪರ. ಈ ದೇಶದ ಮಂತ್ರಿಗಳು ನಕ್ಕರು. ಆ ದೇಶದ ಮಂತ್ರಿಗಳೂ ನಕ್ಕರು. ಮೂರು ತಲೆಮಾರಿನಿಂದ ಒಬ್ಬರ ಮುಖ ಒಬ್ಬರು ನೋಡದವರು ಮೊದಲ ಸಲ ಒಮ್ಮತಕ್ಕೆ ಬಂದದ್ದು ಒಬ್ಬ ಬಡವನನ್ನು ನೋಡಿ ನಗುವುದರಲ್ಲಿ. ಮರುದಿನ ಪತ್ರಿಕೆಗಳು ಬರೆದವು: ಮಾತುಕತೆ ಸೌಹಾರ್ದದ ವಾತಾವರಣದಲ್ಲಿ ಆರಂಭ.

ಈ ಪ್ರವಚನ ಕೇಳಲು ಕೂತ ನೀವೂ ನಕ್ಕಿರಿ, ನೋಡಿ. ಆ ಕಂಬದ ಹತ್ತಿರ ಕೂತ ಹಿರಿಯರು ಟವಲ್ಲು ಬಾಯಿಗೆ ಅಡ್ಡ ಹಿಡಿದು ನಕ್ಕರು. ನಗಿ. ಮೀನಿನ ನಾತ ಅಂದರೆ ಎಲ್ಲರಿಗೂ ನಗು ಬರುತ್ತದೆ. ಮದ್ದುಗುಂಡಿನ ನಾತಕ್ಕೆ ಯಾರೂ ಮೂಗು ಮುಚ್ಚುವುದಿಲ್ಲ.

ಆ ಶ್ರೀಮಂತ ಹೊಳೆ ದಂಡೆಯ ಒಂದು ಊರಿನವನು. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು 'ಅಂವಾ ಬ್ಯಾರೇದಂವ, ನಮ್ಮಂವಲ್ಲ' ಎಂದು ಗೋಡೆಗೆ ಒರಗಿ ಕೂರುತ್ತೀರಿ. ಹೊಳೆಯ ಈ ದಂಡೆ ಒಂದು ದೇಶ, ಆ ದಂಡೆ ಇನ್ನೊಂದು ದೇಶ. ಎರಡಕ್ಕೂ ಆಗಿಬರುವುದಿಲ್ಲ. ಯಾಕೆ? ಯಾರಿಗೂ ನೆನಪಿರಲಿಲ್ಲ. ಮರೆತಾಗಲೆಲ್ಲ ನೆನಪು ಮಾಡಿಕೊಡುತ್ತಿದ್ದವನು ಶ್ರೀಮಂತ. ಎರಡೂ ದಂಡೆಗೆ ಮದ್ದುಗುಂಡು ಮಾರುತ್ತಿದ್ದವನು ಅವನೇ. ಮುಂದಿನ ಅಂಗಡಿಯಲ್ಲಿ ಮದ್ದುಗುಂಡು, ಹಿಂದಿನ ಅಂಗಡಿಯಲ್ಲಿ ಗಾಯಕ್ಕೆ ಸುತ್ತುವ ಬಟ್ಟೆ. ಗಿರಾಕಿ ಒಂದು ಬಾಗಿಲಿಂದ ನಡೆದು ಬಂದರೆ ಇನ್ನೊಂದು ಬಾಗಿಲಿಂದ ಅವನನ್ನು ಹೊತ್ತುಕೊಂಡು ಬರುತ್ತಿದ್ದರು.

ಈಗ ಅಂಬಿಗನ ವಿಷಯ ಕೇಳಿ. ಅವನದು ಒಂದೇ ದೋಣಿ. ಯುದ್ಧ ನಡೆಯುವಾಗಲೂ ಅದು ನಿಂತದ್ದಿಲ್ಲ. ಹೇಗೆ ಅಂತೀರಾ? ಮಧ್ಯಾಹ್ನ ಆಯಿತೆಂದರೆ ಎರಡೂ ಕಡೆಯ ಸಿಪಾಯಿಗಳು ಬಂದೂಕು ಕೆಳಗಿಟ್ಟು ರೊಟ್ಟಿಯ ಗಂಟು ಬಿಚ್ಚುತ್ತಿದ್ದರು. ಹಸಿವು ಯಾವ ದೇಶದ್ದಾದರೂ ಹಸಿವೇ. ಆ ಒಂದು ತಾಸಿನಲ್ಲಿ ಅಂಬಿಗ ಒಮ್ಮೆ ಹೋಗಿ ಬರುತ್ತಿದ್ದ. ಈ ಕಡೆಯ ಸಿಪಾಯಿ ಆ ಕಡೆಯ ಸಿಪಾಯಿಗೆ ಅವನ ಕೈಯಲ್ಲಿ ಮಾವಿನ ಉಪ್ಪಿನಕಾಯಿ ಕಳಿಸುತ್ತಿದ್ದ. ಉಂಡು ಕೈ ತೊಳೆದ ಮೇಲೆ ಮತ್ತೆ ಗುಂಡು. ಅಂಥ ಒಂದು ಊಟದ ಹೊತ್ತಿನಲ್ಲೇ ಅಂಬಿಗ ತನ್ನ ಒಬ್ಬಳೇ ಮಗಳನ್ನು ಆ ದಂಡೆಗೆ ಮದುವೆ ಮಾಡಿಕೊಟ್ಟ. ಹೀಗೇ ಒಂದು ಮಧ್ಯಾಹ್ನ ಅವನ ಹೆಂಡತಿ ಹೋಗಿ ಬಸುರಿ ಮಗಳ ಕುಬಸದ ಶಾಸ್ತ್ರ ಮುಗಿಸಿ ಬಂದಳು.

ಅವನ ಹೆಂಡತಿ ಸೂಲಗಿತ್ತಿ. ಎರಡೂ ದಂಡೆಯ ಕೂಸುಗಳನ್ನು ಹಿಡಿದ ಕೈ. ಕುಬಸದ ದಿನ ಮಗಳ ಹೊಟ್ಟೆಯ ಮೇಲೆ ಕೈಯಾಡಿಸಿದವಳು ಮನೆಗೆ ಬಂದು ಗಂಡನಿಗೆ ಹೇಳಿದಳು: "ಕೂಸು ಅಡ್ಡ ಮಲಗೈತಿ. ನಾ ಹತ್ರ ಇದ್ರ ಹೊಟ್ಟಿ ನೀವಿ ತಿರುಗಿಸ್ತೀನಿ. ಆ ಊರಾಗ ಈ ಕೆಲಸಾ ಬರೋರು ಯಾರೂ ಇಲ್ಲ. ತಿಂಗಳ ತುಂಬೂದ್ರಾಗ ಅಕಿನ್ನ ಕರ್ಕೊಂಡು ಬಾ."

ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು. ಇದು ನಮ್ಮ ಪದ್ಧತಿ. ಇಲ್ಲಿ ಇದು ಬರೀ ಪದ್ಧತಿ ಅಲ್ಲ, ಎರಡು ಜೀವದ ಪ್ರಶ್ನೆ. ಇಷ್ಟು ನೆನಪಿಟ್ಟುಕೊಳ್ಳಿ. ಉಳಿದದ್ದೆಲ್ಲ ಮರೆತರೂ ನಡೆಯುತ್ತದೆ.

ಅಷ್ಟರಲ್ಲಿ ಸರ್ಕಾರಕ್ಕೆ ಶಾಂತಿಯ ನೆನಪಾಯಿತು. ಯಾಕೆ ಆಯಿತು? ಶ್ರೀಮಂತನ ಗೋದಾಮಿನಲ್ಲಿ ಆ ವರ್ಷ ಜವಳಿ ತುಂಬಿಹೋಗಿತ್ತು. ಈ ದಂಡೆಯಲ್ಲಿ ಕೊಳ್ಳುವವರಿಲ್ಲ. ಅವತ್ತಿನಿಂದ ಅವನ ಸಿದ್ಧಾಂತ ಬದಲಾಯಿತು. ಊರೂರು ತಿರುಗಿ ಭಾಷಣ ಮಾಡಿದ: "ಪ್ಯಾಟಿ ತೆರದ್ರ ಕ್ವಾಟಿ ತಾನ ಬೀಳ್ತೈತಿ." ಈ ಮಾತಿಗೆ ಪಂಡಿತರು ಭಾಷ್ಯ ಬರೆದರು. ವ್ಯಾಪಾರ ಬೆಳೆದರೆ ಯುದ್ಧ ಸಾಯುತ್ತದೆ ಎಂದು ಒಬ್ಬ ಪಂಡಿತ. ವ್ಯಾಪಾರವೇ ಯುದ್ಧ, ಬಂದೂಕು ಮಾತ್ರ ಬೇರೆ ಎಂದು ಇನ್ನೊಬ್ಬ. ಎಲ್ಲ ದೋಣಿಗಳನ್ನೂ ಸರ್ಕಾರವೇ ವಹಿಸಿಕೊಳ್ಳಲಿ, ಆಗ ಎಲ್ಲವೂ ಸರಿಹೋಗುತ್ತದೆ ಎಂದು ಮೂರನೆಯವನು. ಮೂವರೂ ದೋಣಿ ಹತ್ತಿದವರಲ್ಲ. ಹತ್ತಿದ್ದರೆ ತಮ್ಮ ಸಿದ್ಧಾಂತದ ತಳ ತೂತು ಬಿದ್ದಿರುವುದು ಕಾಣುತ್ತಿತ್ತು.

ಸರ್ಕಾರ ಘೋಷಿಸಿತು: ಶಾಂತಿ ಮಾತುಕತೆಗೆ ನಮ್ಮ ಸಂಪೂರ್ಣ ಬೆಂಬಲ. ನೋಡಿ, ಸರ್ಕಾರದ ಬೆಂಬಲ ಅಂದರೆ ಹುಷಾರಾಗಿರಬೇಕು. ಆ ಬೆಂಬಲದ ಮೊದಲ ಹುಕುಂ ಏನು ಗೊತ್ತೇ? ಮಾತುಕತೆಯ ಭದ್ರತೆಗಾಗಿ ಹೊಳೆಯ ಎಲ್ಲ ದೋಣಿಗಳನ್ನೂ ಕಟ್ಟಿಹಾಕಬೇಕು. ದಂಡೆಯುದ್ದಕ್ಕೂ ಹೊಸ ಕಾವಲು. ಮಧ್ಯಾಹ್ನದ ಊಟವೂ ಪಾಳಿಯ ಮೇಲೆ. ಯುದ್ಧಕ್ಕೆ ನಿಲ್ಲದ ದೋಣಿ ಶಾಂತಿಗೆ ನಿಂತಿತು.

ಅದಕ್ಕೇ ಅಂಬಿಗ ಮೊದಲ ದಿನ ಚಪ್ಪರಕ್ಕೆ ಹೋಗಿ ಮೈಕು ಹಿಡಿದದ್ದು. "ನಂದು ಒಂದ ಸಲ ದಾಟೂ ಮಾತ್ರಿ. ಮಗಳು ದಿನಾ ತುಂಬಿದಾಕಿ ಅದಾಳ" ಎಂದ. ಆಗಲೇ ಆ ಮೀನಿನ ನಾತದ ಮಾತು ಬಂದದ್ದು. ಅವನು ಜಳಕ ಮಾಡಿ ಮರುದಿನ ಬಂದ. ಹೌದು, ಬಂದ. ಮಗಳ ತಂದೆಗೆ ಮಾನ ಎಷ್ಟಿರುತ್ತದೆ ಹೇಳಿ.

ಮರುದಿನ ಏನಾಯಿತು? ಈ ದೇಶದ ಮಂತ್ರಿಗೆ ಪ್ರೀತಿ ಉಕ್ಕಿತು. "ನಾವು ನೀವು ಬೀಗರಿದ್ಹಂಗ್ರಿ" ಅಂದುಬಿಟ್ಟ. ಚಪ್ಪಾಳೆ. ಚಪ್ಪಾಳೆ ನಿಲ್ಲುವುದರೊಳಗೆ ಆ ದೇಶದ ಮಂತ್ರಿ ಕೇಳಿದ: "ಭಾಳ ಚೊಲೋ ಮಾತ್ರಿ. ಹಂಗಾದ್ರ ಗಂಡಿನ ಕಡೆಯವರು ಯಾರು?"

ಮುಗಿಯಿತು. ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಗಂಡಿನ ಕಡೆಯವರಾದರೆ ಕಾಲಿಗೆ ನೀರು, ಕೂರಲು ಎತ್ತರದ ಜಾಗ, ಪಂಕ್ತಿಯಲ್ಲಿ ಮೊದಲ ಎಲೆ. ಹೆಣ್ಣಿನ ಕಡೆಯವರಾದರೆ ತಲೆ ತಗ್ಗಿಸಿ ತುಪ್ಪ ಬಡಿಸುವುದು. ಯಾವ ದೇಶ ಒಪ್ಪೀತು? ಹತ್ತೊಂಬತ್ತು ದಿನ ಅದೇ ಚರ್ಚೆ. ಗಡಿಯ ಮಾತಿಲ್ಲ, ನೀರಿನ ಮಾತಿಲ್ಲ, ಸತ್ತವರ ಮಾತಂತೂ ಇಲ್ಲವೇ ಇಲ್ಲ. ನಮ್ಮ ಸೈನ್ಯ ದೊಡ್ಡದು, ನಾವು ಗಂಡಿನವರು. ನಮ್ಮ ಕೋಟೆ ಹಳೆಯದು, ನಾವು ಗಂಡಿನವರು. ಚಪ್ಪರ, ಕುರ್ಚಿ, ಊಟ ಎಲ್ಲವೂ ಶ್ರೀಮಂತನ ಗುತ್ತಿಗೆ. ದಿನ ಬೆಳೆದಷ್ಟೂ ಅವನ ಮುಖ ಅರಳಿತು. ಅಂಬಿಗ ದಿನಾ ಬಂದು ಕಂಬದ ಬುಡದಲ್ಲಿ ಕೂತು ಹೋಗುತ್ತಿದ್ದ. ಮನೆಯಲ್ಲಿ ಹೆಂಡತಿ ಬೆರಳು ಮಡಿಚಿ ದಿನ ಎಣಿಸುತ್ತಿದ್ದಳು.

ಇಪ್ಪತ್ತನೇ ದಿನ ಶ್ರೀಮಂತನೇ ದಾರಿ ಹುಡುಕಿದ. "ಇಬ್ಬರೂ ಗಂಡಿನವರಾಗ್ರಿ. ಇಬ್ಬರ ಕಾಲಿಗೂ ನೀರು."

"ಹಂಗಾದ್ರ ಹೆಣ್ಣಿನ ಕಡೆಯವರು?" ಎಂದರು ಮಂತ್ರಿಗಳು.

"ಕಂಬದ ಬುಡಕ್ಕ ಕುಂತಾನಲ್ಲ. ಇಡೀ ಚಪ್ಪರದಾಗ ಖರೇ ಖರೇ ಹೆಣ್ಣು ಕೊಟ್ಟಂವಾ ಅಂದ್ರ ಅಂವ ಒಬ್ನ."

ಅಂಬಿಗನನ್ನು ಕರೆದರು. ಕಾಲಿಟ್ಟು ತೊಳೆಸಿಕೊಳ್ಳಲು ಎರಡು ಹಿತ್ತಾಳೆಯ ಪರಾತ ತಂದರು. ಅಂಬಿಗ ಕೇಳಿದ: "ಕಾಲ ತೊಳೀತೀನ್ರಿ. ಆಮ್ಯಾಲ ನನ್ನ ದೋಣಿ ಬಿಡ್ತೀರಿ?"

"ತೊಳಿಯೋ ಮಾರಾಯ. ದೇಶಕ್ಕಾಗಿ ಮಂದಿ ಜೀವಾ ಕೊಡ್ತಾರ. ನೀ ಒಂದು ಚರಗಿ ನೀರು ಕೊಡಾಕ ಲೆಕ್ಕಾ ಹಾಕ್ತೀಯಲ್ಲ" ಎಂದ ಶ್ರೀಮಂತ.

ತೊಳೆದ. ಈ ದೇಶದ ಕಾಲು ತೊಳೆದ, ಆ ದೇಶದ ಕಾಲು ತೊಳೆದ. ಮಂತ್ರಿಗಳ ಕಾಲು, ಪಂಡಿತರ ಕಾಲು, ಕೊನೆಗೆ ಯಾವ ಕಡೆಗೂ ಸೇರದ ಶ್ರೀಮಂತನೂ ಕಾಲು ಮುಂದೆ ಚಾಚಿದ, ಅದನ್ನೂ ತೊಳೆದ. ಒರೆಸಲು ಬಟ್ಟೆ ಮಾತ್ರ ಶ್ರೀಮಂತನದು. ಮಾದರಿಗೆಂದು ತಂದದ್ದು. "ನೋಡ್ರಿ, ಎಷ್ಟು ಮೆತ್ತಗ ಐತಿ" ಎಂದು ಆ ದೇಶದ ಮಂತ್ರಿಗೆ ಅಲ್ಲೇ ತೋರಿಸಿದ. ಎಲ್ಲ ಮುಗಿದ ಮೇಲೆ ಅಂಬಿಗ ಎದ್ದು ನಿಂತು "ನನ್ನ ಮಗಳ ಮಾತು ಏನಾತ್ರೀ" ಎಂದ. "ಸಹಿ ಆಗ್ಲಿ ತಡಿ" ಎಂದರು.

ಮೂರು ದಿನದ ಮೇಲೆ ಬೆಳಗ್ಗೆ ಸಹಿ ಆಯಿತು. ಒಪ್ಪಂದವನ್ನು ಗಟ್ಟಿಯಾಗಿ ಓದಿದರು. ಮೊದಲನೆಯದು, ಇಂದಿನಿಂದ ಸರಕು ಹೊಳೆ ದಾಟಬಹುದು. ಎರಡನೆಯದು, ಮನುಷ್ಯರು ದಾಟುವ ವಿಷಯವನ್ನು ಎರಡನೇ ಸುತ್ತಿನ ಮಾತುಕತೆಯಲ್ಲಿ ಸಹಾನುಭೂತಿಯಿಂದ ಪರಿಶೀಲಿಸಲಾಗುವುದು. ಕೇಳಿದಿರಾ? ಸೀರೆ ದಾಟಬಹುದು, ಸೀರೆ ಉಡುವವಳು ದಾಟುವಂತಿಲ್ಲ. ತೊಟ್ಟಿಲು ದಾಟಬಹುದು, ಕೂಸು ದಾಟುವಂತಿಲ್ಲ. ಇದಕ್ಕೆ ಮುಕ್ತ ವ್ಯಾಪಾರ ಎಂದು ಹೆಸರಿಟ್ಟರು. ಮೂವರು ಪಂಡಿತರೂ ಒಬ್ಬರನ್ನೊಬ್ಬರು ಅಪ್ಪಿಕೊಂಡರು.

ಮೊದಲ ದೋಣಿಗೆ 'ಶಾಂತಿದೋಣಿ' ಎಂದು ಬಣ್ಣ ಬಳಿದು, ಎರಡು ಧ್ವಜ ಕಟ್ಟಿ, ಅಂಚಿನ ತನಕ ಜವಳಿಯ ಗಂಟು ಹೇರಿದರು. ನಡೆಸುವವನು ಬೇಕಲ್ಲ? ಅಂಬಿಗನ ಕೊರಳಿಗೆ ಹಾರ ಹಾಕಿದರು. ಅವನ ಹೆಂಡತಿ ಸೂಲಗಿತ್ತಿಯ ಗಂಟು ಕಂಕುಳಲ್ಲಿ ಇಟ್ಟುಕೊಂಡು ಬಂದು ನಿಂತಳು. "ಏ ಬಾಯಿ, ನೀ ಸರಕಲ್ಲ, ದೂರ ಸರಿ" ಎಂದ ಅಧಿಕಾರಿ. ಅಂಬಿಗನಿಗೂ ಅಪ್ಪಣೆ ಇದ್ದದ್ದು ಸರಕು ಇಳಿಸಿ ಬರಲಿಕ್ಕೆ, ದಂಡೆಯ ಮೇಲೆ ಕಾಲಿಡಲಿಕ್ಕೆ ಅಲ್ಲ. ಅದೇ ಹೊತ್ತಿಗೆ ಆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು: "ಯಕ್ಕಾ, ನಿನ್ನ ಮಗಳಿಗೆ ನಸುಕಿನಾಗ ಬ್ಯಾನಿ ಸುರು ಆಗ್ಯಾವ. ಕೂಸು ಅಡ್ಡ ಐತಿ. ಲಗೂ ಬಾ."

ಕತೆಯನ್ನು ಇಲ್ಲಿ ತುಸು ನಿಲ್ಲಿಸುತ್ತೇನೆ. 'ಮುಂದೇನಾತು' ಎಂದು ಮುಖ ಮುಂದೆ ಚಾಚಿದ್ದೀರಿ. ಅದಕ್ಕೇ ನಿಲ್ಲಿಸಿದ್ದು. ಈಗಲಾದರೂ ನಿಮ್ಮ ಕಿವಿ ತೆರೆದಿರುತ್ತದೆ.

ಮಂತ್ರಿಗಳನ್ನು ಬೈಯುತ್ತಿದ್ದೀರಿ ಅಲ್ಲವೇ ಮನಸ್ಸಿನಲ್ಲಿ? ಶ್ರೀಮಂತನಿಗೆ ಶಾಪ ಹಾಕುತ್ತಿದ್ದೀರಿ. ನಿಮ್ಮ ಓಣಿಗೆ ಬನ್ನಿ. ಅಣ್ಣತಮ್ಮಂದಿರು ಮನೆ ಪಾಲಾದ ಮೇಲೆ ನಡುವಿನ ಬಾಗಿಲಿಗೆ ಮೊಳೆ ಹೊಡೆದಿದ್ದೀರಿ. ಹಿರಿಯರನ್ನು ಕೂಡಿಸಿ ಮಾತಿಗೆ ಕೂತಿದ್ದೀರಿ. ಮೂರು ವರ್ಷವಾಯಿತು, ಹಿರಿಯರು ಚಹಾ ಕುಡಿಯುತ್ತಲೇ ಇದ್ದಾರೆ. ಆ ಕಡೆಯ ಮುದುಕಿಗೆ ಜ್ವರ ಬಂದಾಗ ಗಂಜಿ ಒಯ್ದ ನಿಮ್ಮ ಹೆಂಡತಿಗೆ ಏನೆಂದಿರಿ? "ನೀ ಹೋದ್ರ ಮಾತುಕತಿ ಕೆಡ್ತೈತಿ" ಎಂದಿರಿ. ಅಂದಿರೋ ಇಲ್ಲವೋ? ದೋಣಿ ಕಟ್ಟಿಹಾಕಿದವರು ಯಾರು ಹಾಗಾದರೆ?

ಇವತ್ತು ಮನೆಗೆ ಹೋಗಿ ಮಾಡುವ ಕೆಲಸ ಹೇಳುತ್ತೇನೆ. ಮೊದಲು ಮೊಳೆ ಕೀಳಿ, ಆಮೇಲೆ ಮಾತಾಡಿ. ಗಂಜಿಯ ಪಾತ್ರೆ ದಾಟಲಿ, ಪಾಲಿನ ವ್ಯಾಜ್ಯ ಅದರ ಹಿಂದೆ ಕುಂಟುತ್ತಾ ಬರಲಿ. ಮುಂದಿನ ಮದುವೆಯಲ್ಲಿ ನೀವು ಗಂಡಿನ ಕಡೆಯವರಾದರೆ ನಿಮ್ಮ ಕಾಲು ನೀವೇ ತೊಳೆದುಕೊಳ್ಳಿ, ಕೈ ಸವೆಯುವುದಿಲ್ಲ. ಟಿವಿಯಲ್ಲಿ ಇಬ್ಬರು ದೊಡ್ಡವರು ಕೈ ಕುಲುಕಿದ್ದು ಕಂಡರೆ ಕೂಡಲೇ ಚಪ್ಪಾಳೆ ಹೊಡೆಯಬೇಡಿ. ಮತ ಕೇಳಲು ಬಂದವನನ್ನು ಅಂಗಳದಲ್ಲಿ ನಿಲ್ಲಿಸಿ ಒಂದೇ ಮಾತು ಕೇಳಿ: ಸರಕು ದಾಟ್ತೈತಿ ಖರೆ, ಮನುಷ್ಯಾ ದಾಟ್ತಾನೇನು? ಶಾಂತಿ ಬೇಡ ಎನ್ನುತ್ತಿಲ್ಲ ನಾನು. ಸಂಧಾನ ಬೇಕು, ಸರ್ಕಾರದ ಬೆಂಬಲವೂ ಬೇಕು. ಯಾರಿಗಾಗಿ ಬೇಕು ಎಂಬುದನ್ನು ಕೇಳುವವನು ಎದ್ದು ನಿಂತಾಗ ಅವನ ಮೈಯ ನಾತ ಹಿಡಿದು ನಗಬೇಡಿ. ಇಷ್ಟೇ. ಇಷ್ಟು ಮಾಡದೆ ನಾಳೆ ಇಲ್ಲಿಗೆ ಬಂದು ಕೂತರೆ ನೆಲ ಸವೆಯುತ್ತದೆ, ನೀವು ಸವೆಯುವುದಿಲ್ಲ.

ಇನ್ನು ಅಂಬಿಗ.

ಸಹಿಯ ಸಂಭ್ರಮಕ್ಕೆ ವಂದನೆ ಸಲ್ಲಿಸಲು ಎರಡೂ ದಂಡೆಯ ಕಾವಲಿನವರನ್ನೆಲ್ಲ ಚಪ್ಪರದ ಮುಂದೆ ಸಾಲಾಗಿ ನಿಲ್ಲಿಸಿದ್ದರು. ಬೇಸಿಗೆಯ ಹೊಳೆ. ದೋಣಿ ನಿಲ್ಲುವ ಕಡೆ ಆಳವಿದ್ದರೂ ಮೇಲುಗಡೆ ಬಂಡೆಗಳ ಹತ್ತಿರ ಎದೆಮಟ್ಟದ ನೀರು. ಅಷ್ಟು ದಿನ ಅಲ್ಲಿ ಬಂದೂಕು ನಿಂತಿತ್ತು. ಅವತ್ತು ಯಾರೂ ಇರಲಿಲ್ಲ.

ಅಂಬಿಗ ಹುಟ್ಟನ್ನು ದೋಣಿಯೊಳಗೆ, ಜವಳಿ ಗಂಟಿನ ಮೇಲೆ ಇಟ್ಟ. ಕೊರಳಿನ ಹಾರ ತೆಗೆದು ಅದರ ಪಕ್ಕ ಇಟ್ಟ. ಹೆಂಡತಿಯ ಕಂಕುಳಿನ ಗಂಟು ತೆಗೆದುಕೊಂಡು ತನ್ನ ತಲೆಯ ಮೇಲೆ ಏರಿಸಿದ. ಇಬ್ಬರೂ ಬಂಡೆಗಳ ಕಡೆ ನಡೆದರು.

"ಏ ಅಂಬಿಗ, ಎಲ್ಲಿ ಹೊಂಟಿ?" ಶ್ರೀಮಂತ ಮೈಕಿನಲ್ಲೇ ಕೂಗಿದ. "ದೋಣಿ ಯಾರು ನಡಸಬೇಕೋ? ಆ ದಂಡ್ಯಾಗ ಮಂದಿ ಕಾಯಾಕತ್ತಾರ."

ಮಂತ್ರಿಗಳು ಕುರ್ಚಿಯಿಂದ ಎದ್ದರು. ಬಾಜಾದವರು ನುಡಿಸುವುದನ್ನು ನಿಲ್ಲಿಸಿದರು. ನೀರು ಅವನ ಮೊಳಕಾಲಿಗೆ ಬಂತು, ಸೊಂಟಕ್ಕೆ ಬಂತು. ಹೆಂಡತಿಯ ಕೈ ಗಟ್ಟಿ ಹಿಡಿದ.

"ಏ, ನಿನ್ನನ್ನ ಕೇಳಾಕತ್ತೀನಿ."

ಅಂಬಿಗ ತಿರುಗಿ ನೋಡಲಿಲ್ಲ. ಆ ದಂಡೆಯ ಕಡೆ ನಡೆದುಹೋದ.