ಸಿಂಗಾಡ ಕೊಳದ ನಾಲ್ಕು ಮೊಟ್ಟೆಗಳು

ದೇವನಕ್ಕಿ ಎಂಬ ನೀರುಹಕ್ಕಿಯ ನಾಲ್ಕೂ ಮೊಟ್ಟೆಗಳು ಕೊಳದಲ್ಲೇ ಕ್ಷೇಮವಾಗಿವೆ, ಅವನ್ನು ಯಾರೂ ಕದ್ದಿಲ್ಲ. ನನ್ನ ಹೆಸರಿಗಿಂತ ಮೊದಲು ಇದನ್ನು ಬರೆದುಕೊಳ್ಳಬೇಕೆಂದು ನಾನು ಕೇಳಿಕೊಂಡಿದ್ದೇನೆ.

ಹೆಸರು: ಲಿಯಾವ್ ಯುನ್-ಛಿಂಗ್, ಫಾನ್ ಚಿ-ವೇ ಅವರ ಪತ್ನಿ. ಮದುವೆಯಾಗಿ ಇಂದಿಗೆ ಹನ್ನೆರಡು ದಿನ. ವಯಸ್ಸು: 27. ವಿದ್ಯಾಭ್ಯಾಸ: ಇಂಗ್ಲಿಷ್ ಮಾಧ್ಯಮದಲ್ಲಿ ಪದವಿ. ಉದ್ಯೋಗ: ಫೋಟೊಗಳನ್ನು ಕಂಪ್ಯೂಟರಿನಲ್ಲಿ ತಿದ್ದುವುದು. ವಾಸ: ಹ್ಸಿಂಚು ನಗರ. ಸದ್ಯ ತೈನಾನ್‌ನ ತವರುಮನೆಗೆ ಬಂದಿದ್ದೇನೆ. ಈ ಮೂಲಕ ತಿಳಿಸುವುದೇನೆಂದರೆ:

ಜೂನ್ 8, ಭಾನುವಾರ ಬೆಳಿಗ್ಗೆ 4.50ಕ್ಕೆ ನಾನು ಮತ್ತು ನನ್ನ ಪತಿ ಕ್ವಾನ್‌ತಿಯೆನ್‌ನಲ್ಲಿರುವ ಉಂಗ್ ತಿಂಗ್-ಫಾ (71 ವರ್ಷ) ಅವರ ಸಿಂಗಾಡ ಕೊಳದ ದಡ ತಲುಪಿದೆವು. ಅಲ್ಲಿ ಆಗಲೇ ಹಕ್ಕಿ ಫೋಟೊ ತೆಗೆಯುವ ಒಂಬತ್ತು ಮಂದಿ ಕ್ಯಾಮೆರಾ ಹೂಡಿಕೊಂಡಿದ್ದರು. ಗೂಡು ದಡದಿಂದ 38 ಮೀಟರ್ ದೂರದಲ್ಲಿ, ನೀರಿನ ಮೇಲೆ ತೇಲುವ ಸಿಂಗಾಡ ಬೆಳೆಯ ಎಲೆಗಳ ಮೇಲಿತ್ತು. ಗಂಡು ಹಕ್ಕಿ ನಾಲ್ಕು ಮೊಟ್ಟೆಗಳ ಮೇಲೆ ಕುಳಿತಿತ್ತು. ಅದರ ಕತ್ತಿನ ಹಿಂಭಾಗ ಹೊಂಬಣ್ಣ, ರೆಕ್ಕೆ ಅಚ್ಚ ಬಿಳುಪು, ಬಾಲ ದೇಹಕ್ಕಿಂತ ಉದ್ದ. ನನ್ನ ಪತಿ ಕೆಸರಿನಲ್ಲಿ ಹೊಟ್ಟೆ ಊರಿ ಎರಡೂವರೆ ಗಂಟೆ ಅಲುಗಾಡದೆ ಮಲಗಿದ್ದರು. ಅಂಥ ತಾಳ್ಮೆಯ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ. ಈ ಮಾತು ಪ್ರಕರಣಕ್ಕೆ ಬೇಕಿಲ್ಲವೆಂದು ಬರೆದುಕೊಳ್ಳುತ್ತಿರುವ ಅಧಿಕಾರಿ ಹೇಳಿದರು. ಬೇಕೆಂದು ನಾನು ಹೇಳಿದೆ.

5.30ಕ್ಕೆ ಉಂಗ್ ಅವರು ಕಳೆ ಕೀಳಲು ತಮ್ಮ ಸಣ್ಣ ದೋಣಿಯಲ್ಲಿ ಬಂದರು. ಅವರನ್ನು ಎಲ್ಲರೂ ಫಾ ದೊಡ್ಡಪ್ಪ ಎನ್ನುತ್ತಾರೆ. ನಮಗೆ ಹೊಸದಾಗಿ ಮದುವೆಯಾಗಿದೆಯೆಂದು ತಿಳಿದು ಅವರು ನನ್ನ ಪತಿಗೆ ಹೇಳಿದ್ದು: "ಅಲ್ಲಿ ಕೂತಿರೋದು ಗಂಡ ಕಣಪ್ಪಾ. ಹೆಂಡ್ತಿ ಮೊಟ್ಟೆ ಇಟ್ಟು ಪಕ್ಕದ ಕೊಳಕ್ಕೆ ಹೋಗಿ ಎರಡು ವಾರ ಆಯ್ತು. ನೋಡಿ ಕಲ್ತ್ಕೋ." ದಡದಲ್ಲಿದ್ದವರೆಲ್ಲ ನಕ್ಕರು. ನನ್ನ ಪತಿ ತಲೆ ಎತ್ತಲಿಲ್ಲ, ಕಲಿಯುತ್ತಿದ್ದೇನೆ ಎಂದಷ್ಟೇ ಹೇಳಿದರು.

ಗೂಡು ಕಂಡಲ್ಲೆಲ್ಲ ಪಕ್ಕದಲ್ಲಿ ಬಿದಿರುಕೋಲು ನೆಟ್ಟು ಅದರ ತುದಿಗೆ ಕೆಂಪು ಬಟ್ಟೆ ಕಟ್ಟುವುದು ಫಾ ದೊಡ್ಡಪ್ಪನ ರೂಢಿ. ಕೂಲಿಯವರು ಆ ಜಾಗವನ್ನು ಬಿಟ್ಟು ಕಳೆ ಕೀಳುತ್ತಾರೆ. ಹಿಂದಿನ ದಿನದ ಮಳೆಗೆ ನೀರು ಏರಿ ಕೋಲು ವಾಲಿತ್ತು. 6.51ಕ್ಕೆ ದೊಡ್ಡಪ್ಪ ದೋಣಿಯಿಂದ ಬಗ್ಗಿ ಅದನ್ನು ನೆಟ್ಟಗೆ ಮಾಡಿದರು. ಹಕ್ಕಿ ಹಾರಿ, ಒಂದು ಸುತ್ತು ಹಾಕಿ ಮರಳಿತು. 7.04ರಿಂದ 7.39ರವರೆಗೆ ಅದು ಕತ್ತು ಬಗ್ಗಿಸಿಕೊಂಡು ಎಲೆಯಿಂದ ಎಲೆಗೆ ಹಿಮ್ಮುಖವಾಗಿ ನಡೆಯುತ್ತಿತ್ತು. ಗೂಡಿಗೆ ಎಲೆ ಎಳೆಯುತ್ತಿದೆ ಎಂದುಕೊಂಡೆವು.

ಅಂದು ಸಂಜೆ ತವರುಮನೆಯಲ್ಲಿ ಮೂರು ಫೋಟೊ ಆರಿಸಿ ನಾನೇ ತಿದ್ದಿದೆ. ಮೊದಲನೆಯದು ಮೊಟ್ಟೆಗಳ ಮೇಲೆ ಕುಳಿತ ಹಕ್ಕಿ. ಎರಡನೆಯದು ಬಗ್ಗಿದ ದೊಡ್ಡಪ್ಪ, ಅವರ ತಲೆಯ ಮೇಲೆ ಹಾರುತ್ತಿರುವ ಹಕ್ಕಿ. ಗೂಡಿನ ಗುರುತನ್ನು ಫೋಟೊದಲ್ಲಿ ತೋರಿಸಬಾರದು, ತೋರಿಸಿದರೆ ಜನ ಹುಡುಕಿಕೊಂಡು ಹೋಗುತ್ತಾರೆ ಎಂಬುದು ಹಕ್ಕಿ ಫೋಟೊ ತೆಗೆಯುವವರ ನಿಯಮ. ಆದ್ದರಿಂದ ಬಿದಿರುಕೋಲನ್ನೂ ಕೆಂಪು ಬಟ್ಟೆಯನ್ನೂ ಅಳಿಸಿದೆ. ಕೋಲು ಹೋದ ಮೇಲೆ ದೊಡ್ಡಪ್ಪನ ಕೈ ನೇರ ಗೂಡಿಗೆ ಚಾಚಿದಂತೆ ಕಂಡಿತು. ಅದು ಆಗ ನನಗೆ ಹೊಳೆಯಲಿಲ್ಲ. ಮೂರನೆಯದರಲ್ಲಿ ಹಕ್ಕಿ ಬರಿಯ ಎಲೆಯ ಮೇಲೆ ನಿಂತಿತ್ತು. ಅದರ ಎದೆಗೂ ಕೊಕ್ಕಿಗೂ ನಡುವೆ ಕಂದು ಕಲೆಯೊಂದಿತ್ತು. ಕೊಳೆತ ಎಲೆಯೆಂದು ತಿಳಿದು ಅದನ್ನೂ ಅಳಿಸಿದೆ. ಬಹಳ ನಾಜೂಕಾಗಿ ಅಳಿಸಿದೆ. ನನ್ನ ಪತಿ ಹೊಗಳಿದರು.

ಸೋಮವಾರ ರಾತ್ರಿ 8ಕ್ಕೆ ಮೂರನ್ನೂ ಪಕ್ಷಿಪ್ರಿಯರ ಗುಂಪಿಗೆ ಹಾಕಿದೆ. ಮಂಗಳವಾರ ಆ ಗುಂಪಿನಲ್ಲಿರುವ ನಿವೃತ್ತ ಶಿಕ್ಷಕ ಕೋ ಅವರು ಕೊಳಕ್ಕೆ ಹೋಗಿ ನೋಡಿದಾಗ ಗೂಡು ಖಾಲಿ ಇತ್ತು. ನನ್ನ ಫೋಟೊಗಳನ್ನೇ ಆಧಾರವಾಗಿಟ್ಟು, ಸಂರಕ್ಷಿತ ಹಕ್ಕಿಯ ಮೊಟ್ಟೆಗಳನ್ನು ರೈತ ತೆಗೆದಿದ್ದಾನೆಂದು ಅವರು ಈ ಠಾಣೆಗೆ ದೂರು ಕೊಟ್ಟರು. ಕೋ ಮೇಷ್ಟ್ರು ಕೆಟ್ಟವರಲ್ಲ, ಕಂಡದ್ದನ್ನು ನಂಬಿದರು. ವಿಚಾರಣೆ ಮುಗಿಯುವ ತನಕ ಕೊಳಕ್ಕೆ ಇಳಿಯಕೂಡದೆಂದು ದೊಡ್ಡಪ್ಪನಿಗೆ ಮಾತ್ರ ಸೂಚಿಸಲಾಗಿದೆ.

ಗುರುವಾರ ರಾತ್ರಿ 9ಕ್ಕೆ ನನಗೆ ಈ ಸುದ್ದಿ ತಿಳಿಯಿತು. ಭಾನುವಾರ ಪತಿ ಕ್ಯಾಮೆರಾದಿಂದ ನನ್ನ ಫೋನಿಗೆ ಕಳಿಸಿದ್ದ ತಿದ್ದದ ಪ್ರತಿಯನ್ನು ಹಿಗ್ಗಿಸಿ ನೋಡಿದೆ. ಆ ಕಂದು ಕಲೆಗೆ ಹೊಳಪಿತ್ತು, ಒಂದು ತುದಿ ಚೂಪಾಗಿತ್ತು. ಅದು ಮೊಟ್ಟೆ. ಕೂಡಲೇ ಪತಿಗೆ ಫೋನ್ ಮಾಡಿದೆ. ಸೋಮವಾರವೇ ಕ್ಯಾಮೆರಾದೊಂದಿಗೆ ಹ್ಸಿಂಚುವಿಗೆ ಮರಳಿದ್ದ ಅವರು ಅಲ್ಲಿನ ಮನೆಯಲ್ಲಿ 212 ಚಿತ್ರಗಳನ್ನೂ ಒಂದೊಂದಾಗಿ ನೋಡಿದರು. ಹಕ್ಕಿ ನಾಲ್ಕು ಸಲ ಹೋಗಿ ಬಂದಿದೆ. ಪ್ರತಿ ಸಲವೂ ಕೊಕ್ಕಿಗೂ ಎದೆಗೂ ನಡುವೆ ಒಂದು ಮೊಟ್ಟೆಯನ್ನು ಅವುಚಿಕೊಂಡು, ನೀರು ತಾಗದ ಕಡೆಗೆ ಒಯ್ದಿದೆ.

ಇಂದು ಬೆಳಿಗ್ಗೆ 8.15ಕ್ಕೆ ಈ ಠಾಣೆಯ ಒಬ್ಬ ಸಿಬ್ಬಂದಿಯೊಂದಿಗೆ ದಡಕ್ಕೆ ಹೋಗಿ ದೂರದರ್ಶಕದಲ್ಲಿ ನೋಡಿದೆ. ಹಳೆಯ ಗೂಡಿನಿಂದ ಸುಮಾರು 11 ಮೀಟರ್ ಈಶಾನ್ಯಕ್ಕೆ ಗಂಡು ಹಕ್ಕಿ ಕುಳಿತಿದೆ. ಅದು ಎದ್ದಾಗ ನಾಲ್ಕು ಮೊಟ್ಟೆಗಳನ್ನು ಎಣಿಸಿದೆವು. ಆದರೆ ಅದು ಬೇರೆ ಹಕ್ಕಿಯ ಗೂಡಿರಬಹುದು, ಒಮ್ಮೆ ತಿದ್ದಿದವಳ ಫೋನಿನ ಪ್ರತಿಯನ್ನು ನಂಬುವುದು ಕಷ್ಟ, ಕ್ಯಾಮೆರಾದ ಮೂಲ ಮೆಮೊರಿ ಕಾರ್ಡೇ ಬೇಕು ಎಂದು ಅಧಿಕಾರಿ ಹೇಳಿದರು. ಅವರು ಹೇಳಿದ್ದು ಸರಿ.

9.30ಕ್ಕೆ ಠಾಣೆಯ ಹೊರಗಿನ ಬೆಂಚಿನ ಮೇಲೆ ಫಾ ದೊಡ್ಡಪ್ಪ ಕುಳಿತಿದ್ದರು. ನಾನು ಕ್ಷಮೆ ಕೇಳಿದೆ. ಏನನ್ನು ಅಳಿಸಿದೆ, ಯಾಕೆ ಅಳಿಸಿದೆ ಎಂದು ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಎದ್ದು ನಿಂತು ಹೇಳಿದ್ದು ಇಷ್ಟು: "ನನ್ನ ಹೆಸ್ರು ಹೋದ್ರೆ ಹೋಗ್ಲಿ ಮಗಾ. ಸೋಮವಾರ ಬೆಳಿಗ್ಗೆ ಕೂಲಿಯೋರು ಇಳೀತಾರೆ. ಹೊಸಾ ಜಾಗಕ್ಕೆ ಗುರುತಿಲ್ಲ. ತುಳಿದ್ಬಿಟ್ರೆ?"

ಆದ್ದರಿಂದ ಸೋಮವಾರಕ್ಕೆ ಮೊದಲು ಕಾರ್ಡನ್ನು ಪರಿಶೀಲಿಸಿ, ಹೊಸ ಗೂಡಿಗೆ ಗುರುತು ನೆಡಲು ದೊಡ್ಡಪ್ಪನಿಗೆ ಕೊಳಕ್ಕೆ ಇಳಿಯುವ ಅನುಮತಿ ಕೊಡಬೇಕೆಂದು ಕೋರುತ್ತೇನೆ. ತಪ್ಪು ಫೋಟೊ ತಿದ್ದಿದವಳದು, ಕೊಳದವರದಲ್ಲ.

ಈ ಹೇಳಿಕೆಯನ್ನು ನನಗೆ ಎರಡು ಸಲ ಓದಿ ಹೇಳಿದ್ದಾರೆ. ನಾನು ಕಂಡದ್ದು, ಮಾಡಿದ್ದು ಮಾತ್ರ ಇದರಲ್ಲಿದೆ. ಈ ಬಾರಿ ಏನನ್ನೂ ಅಳಿಸಿಲ್ಲ, ಸೇರಿಸಿಲ್ಲ.

ಸ್ಥಳ: ಕ್ವಾನ್‌ತಿಯೆನ್ ಪೊಲೀಸ್ ಠಾಣೆ
ದಿನಾಂಕ: 13-06-2025, ಶುಕ್ರವಾರ, ಬೆಳಿಗ್ಗೆ 10.40
ಸಹಿ: ಲಿಯಾವ್ ಯುನ್-ಛಿಂಗ್

ಸಹಿಯ ನಂತರ ಬರೆಸಿದ್ದು: ಇಂದೇ ಹ್ಸಿಂಚುವಿಗೆ ಹೊರಡುತ್ತಿದ್ದೇನೆ. ಕೆಲಸದ ಮೇಲೆ ಬೇರೆ ಊರಿಗೆ ಹೋಗಿರುವ ಪತಿ ನಾಳೆ ರಾತ್ರಿ ಮನೆಗೆ ಬಂದ ಮೇಲೆ, ಕಾರ್ಡನ್ನು ಅವರ ಸಹಿಯಿರುವ ಲಕೋಟೆಯಲ್ಲಿ ಮುಚ್ಚಿಸಿ, ಜೂನ್ 15ರ ಭಾನುವಾರ ಬೆಳಿಗ್ಗೆ 6.40ಕ್ಕೆ ಹ್ಸಿಂಚು ಬಿಡುವ ತ್ಸು-ಛಿಯಾಂಗ್ ಎಕ್ಸ್‌ಪ್ರೆಸ್‌ನಲ್ಲಿ ಹೊರಟು 9.21ಕ್ಕೆ ಲುಂಗ್‌ತಿಯೆನ್ ನಿಲ್ದಾಣದಲ್ಲಿ ಇಳಿದು, ಕಾರ್ಡನ್ನು ಈ ಠಾಣೆಗೆ ತಲುಪಿಸುತ್ತೇನೆ.