ಪೈಯ ಹದಿನೇಳು

ಹಲೋ... ಹಲೋ, ಯಾರು ಮಾತಾಡೋದು? ಗಣಿ ಆಫೀಸಾ? ... ಹಾಂ, ಗುಮಾಸ್ತರು ರಾಮಚಂದ್ರಪ್ಪನೋರಾ? ನಾನ್ರೀ, ಕದಿರಪ್ಪ. ಬಂಗಾರಪೇಟೆ ಅಂಚೆ ಆಫೀಸಿಂದ.

...

ಯಾವ ಕದಿರಪ್ಪ ಅಂದ್ರೆ? ಇಪ್ಪತ್ತೆರಡು ವರ್ಷದಿಂದ ಆ ಕಿಟಕಿ ಮುಂದೆ ನಿಂತ್ಕಂಡು ಹಿತ್ತಾಳೆ ಬಿಲ್ಲೆ ಈಸ್ಕತಿದೀನಿ... ಸರಿ ಬಿಡಿ. ನಿಮ್ಮ ಪುಸ್ತಕದಾಗೆ ಪೈಯ ಹದಿನೇಳು. ಈಗ ಗೊತ್ತಾಯ್ತಾ?

...

ಯಾಕಂಗೆ ಕಿರುಚ್ತೀರಾ? ... ಇಲ್ಲ ಸಾಮಿ, ನಾನು ಸುರಂಗದಾಗಿಲ್ಲ. ಸತ್ತೂ ಇಲ್ಲ. ಬೂದಿಕೋಟೆ ಬಸ್ಸು ಅತ್ತೋವಾಗ ಜೋಬಿಗೆ ಕೈ ಆಕ್ದೆ, ಬಿಲ್ಲೆ ಸಿಕ್ತು. ಅದಕ್ಕೇ ಓಡ್ಬಂದು ಫೋನ್ ಮಾಡ್ತಿರೋದು. ಬಿಲ್ಲೆ ವಾಪಸ್ ಬರ್ದಿದ್ರೆ ಆಳು ಕೆಳಗೇ ಉಳಿದವ್ನೆ ಅಂತ ಉಡುಕಾಕೆ ಇಳೀತಾರಲ್ಲ, ನನಗ್ಗೊತ್ತಿಲ್ವಾ? ಇಳಿದಿದ್ರೆ ಮೊದ್ಲು ಅವರ್ನ ಮೇಲಕ್ಕೆ ಕರೀರಿ.

...

ಯಾಕೆ ಒಂಟೋದೆ ಅಂದ್ರೆ? ಬಿಲ್ಲೆ ಈಸ್ಕಂಡ ಮೇಲೆ ನೀವು ಹಾಜರಿಗೆ ಪೈಯ ಹದಿನೇಳು ಅಂತ ಕೂಗಿದ್ರಿ, ನಾನು ಓ ಅನ್ನಲಿಲ್ಲ. ನಿಮ್ಮ ಎದುರ್ಗೇ ನಿಂತಿದ್ದೆ. ತಲೆ ಎತ್ತಿದ್ರೆ ಕಾಣ್ತಿದ್ದೆ, ನೀವು ಎತ್ತಲಿಲ್ಲ. ಸಿಟ್ಟು ಬಂತು, ನಡ್ಕಂಡು ಬಂದ್ಬಿಟ್ಟೆ. ಬಿಲ್ಲೆ ಮರ್ತೇ ಓಯ್ತು.

...

ಬರೀ ಒಂದು ಮಾತಾ? ಪೈಯ ಅಂದ್ರೆ ಏನು ಗೊತ್ತಾ ನಿಮಗೆ? ... ಹಾಂ, ತಮಿಳ್ನಲ್ಲಿ ಹುಡುಗ. ಅದು ನಮ್ಮ ಬೀದಿ ನಾಯಿಗೂ ಗೊತ್ತು. ಎಲ್ಲಿಂದ ಬಂತು ಅದು? ನಮ್ಮ ಕೂಲಿ ಲೈನಿನ ಕುಪ್ಪುಸ್ವಾಮಿ ಮೇಷ್ಟ್ರು ಏಳಿದ್ರು. ಹಸಿ, ಹಸಿರು ಅಂತೀವಲ್ಲ, ಪೈಯಕ್ಕೂ ಅದೇ ಮೂಲ ಅಂತೆ. ನಾವು ಹಸುಗೂಸು ಅನ್ನಲ್ವಾ? ಅದೂ ಅಲ್ಲಿಂದ್ಲೇ ಅಂತೆ. ಇನ್ನೂ ಬಲೀದೇ ಇರೋದು ಅಂತ. ಎತ್ತ ತಾಯಿ ಅನ್ಲಿ, ಚೆಂದ. ನನಗೆ ಐವತ್ತು ದಾಟೈತೆ, ತಲೇಲಿ ಒಂದು ಕರಿ ಕೂದ್ಲಿಲ್ಲ. ನಾನೆಂಗ್ರೀ ಹಸಿ?

...

ಮೇಸ್ತ್ರಿ ಆಗೋಗಂಟ ಎಲ್ರೂ ಪೈಯನೇ, ಅದು ರೂಢಿ ಅಂತೀರಾ? ಬಿಳಿಯೋರಿಗೆ ನಮ್ಮ ಎಸ್ರು ನಾಲಗೆ ಮೇಲೆ ಒರಳ್ತಿರ್ಲಿಲ್ಲ, ಒಪ್ಕತೀನಿ. ಸ್ವಾತಂತ್ರ್ಯ ಬಂದು ಹತ್ತು ವರ್ಷ ಆಯ್ತು. ನಿಮ್ಮ ನಾಲಗೆಗೇನಾಗೈತೆ?

...

ಕ್ಷಮಾಪಣೆನಾ? ಬರ್ಕೊಡಲ್ಲ. ಬಿಲ್ಲೆ ತಂದಿದ್ದು ನನ್ನ ತಪ್ಪೇ, ಅದಕ್ಕೆ ಏನು ಬೇಕಾದ್ರೂ ಮಾಡಿ. ಓ ಅನ್ನದೇ ಇದ್ದಿದ್ದು ತಪ್ಪಲ್ಲ. ಕೆಲ್ಸದಿಂದ ತೆಗೀತೀರಾ? ತೆಗೀರಿ. ನಾಳೆ ಬತ್ತೀನಿ, ಕದಿರಪ್ಪ ಅಂತ ಕರೆದ್ರೆ ಇಳೀತೀನಿ. ಇಲ್ಲಾಂದ್ರೆ ಅಲ್ಲೇ ನಿಂತಿರ್ತೀನಿ.

...

ಅದಿರ್ಲಿ, ಉಡುಕಾಕೆ ಯಾರು ಇಳಿದವ್ರೆ? ... ನಾಲ್ಕು ಜನ ಅಂದ್ರೆ? ಅವ್ರಿಗೂ ಎಸ್ರಿಲ್ವಾ? ... ಪೈಯ ನಲವತ್ತೊಂದಾ?

...

ಅವ್ನು ನನ್ನ ಮಗ ರೀ! ಆದಿನಾರಾಯಣ! ... ಬ್ಯಾಡ ಅಂದ್ರೂ ಕೇಳ್ದೆ ಇಳಿದ್ನಾ? ಕೇಳ್ತಾನಾ ಸಾಮಿ, ಅಪ್ಪ ಕೆಳಗವ್ನೆ ಅಂದ್ಕಂಡವ್ನೆ.

...

ಏನಂತ ಏಳಿ ಕಳಿಸ್ತೀರಾ? ... ಹದಿನೇಳು ಸಿಕ್ಕಿದ ಅಂತಾನಾ? ಬ್ಯಾಡ ಬ್ಯಾಡ! ಕೆಳಗಿರೋರಿಗೆ ಸಿಕ್ಕಿದ ಅಂದ್ರೆ ಹೆಣ ಸಿಕ್ತು ಅಂತಲೇ. ನನ್ನ ಮಗ ಅಲ್ಲೇ ಕುಸಿದೋಯ್ತಾನೆ. ಕದಿರಪ್ಪ ಬದುಕವ್ನೆ ಅಂತ ಏಳಿ. ಅಷ್ಟೇ. ಎಸ್ರಿಡಿದು ಏಳಿ.

...

ಯಾರು, ಎಕ್ಸ್‌ಚೇಂಜ್ ಅಮ್ಮಾರಾ? ಮೂರು ನಿಮಿಷ ಆಯ್ತಾ ತಾಯಿ? ಒಂದು ಗಳಿಗೆ ತಡೀರಮ್ಮ... ರಾಮಚಂದ್ರಪ್ಪನೋರೇ, ಏನಂತ ಏಳ್ತೀರಾ? ಅನ್ನಿ, ನಾನೂ ಕೇಳಿಸ್ಕತೀನಿ... ಕದಿರಪ್ಪ... ಒಂದ್ಸಲ ಅನ್ನಿ ಸಾಮಿ... ಹಲೋ? ಹಲೋ...